ಗುಲಾಮನಾಗಿ ಹುಟ್ಟಿ ಗುರುವಾದ ಪೂಜನೀಯ ಅಗಸ್ಟಸ್ ಟೋಲ್ಟನ್

ನಿಮ್ಮ ಮಗುವಿಗೆ ಜ್ಞಾನಸ್ನಾನ ಕೊಡಿಸಿದ ದಿನವನ್ನು ಒಮ್ಮೆ ನೆನಪಿಸಿಕೊಳ್ಳಿ. ಗುರುಗಳು ಮೊದಲು ಕೇಳಿದ್ದು ಮಗುವಿನ ಹೆಸರನ್ನು. ಆ ಹೆಸರು ಧರ್ಮಕೇಂದ್ರದ ದಾಖಲೆ ಪುಸ್ತಕ ಸೇರಿತು. ಮುಂದೆ ಆ ಮಗುವಿನ ದೃಢೀಕರಣಕ್ಕೂ ಮದುವೆಗೂ ಆ ಒಂದು ಸಾಲೇ ಆಧಾರ.

1854ರ ಮೇ 29ರಂದು ಅಮೆರಿಕ ದೇಶದ ಮಿಸ್ಸೌರಿ ರಾಜ್ಯದ ಬ್ರಷ್ ಕ್ರೀಕ್ ಎಂಬ ಹಳ್ಳಿಯಲ್ಲಿ, ಸಂತ ಪೇತ್ರರ ದೇವಾಲಯದಲ್ಲಿ ಒಂದು ಗಂಡು ಮಗುವಿಗೆ ಜ್ಞಾನಸ್ನಾನವಾಯಿತು. ಆದರೆ ದಾಖಲೆ ಪುಸ್ತಕದಲ್ಲಿ ಮಗುವಿನ ಹೆಸರನ್ನು ಬರೆಯಲಿಲ್ಲ. ಏಪ್ರಿಲ್ 1ರಂದು ಹುಟ್ಟಿದ ಕಪ್ಪು ಮಗು ಎಂದೂ ಅದು ಯಾರ ಸ್ವತ್ತು ಎಂದೂ ಬರೆದು ಮುಗಿಸಿದರು. ಆ ಯಜಮಾನನ ಹೆಸರು ಸ್ಟೀಫನ್ ಎಲಿಯಟ್. ಅವನೂ ಕಥೋಲಿಕನೇ. ಅವನ ಪತ್ನಿಯೇ ಮಗುವಿನ ಜ್ಞಾನತಾಯಿಯಾಗಿ ನಿಂತಳು. ದೇವರ ಮಗುವಾಗಿ ಸ್ವೀಕೃತವಾದ ಆ ಕೂಸು ದೇವಾಲಯದಿಂದ ಹೊರಗೆ ಬಂದಾಗ ಜ್ಞಾನತಾಯಿಯ ಮನೆಯ ಆಸ್ತಿಯಾಗಿತ್ತು.

ಆ ಮಗುವೇ ಅಗಸ್ಟಸ್ ಟೋಲ್ಟನ್. ಅಮೆರಿಕದ ಕಪ್ಪು ಜನರ ಮೊದಲ ಕಥೋಲಿಕ ಗುರು ಎಂದು ಇಂದು ಲೋಕವೆಲ್ಲ ಗೌರವಿಸುವ ವ್ಯಕ್ತಿ. ಅವರಿಗಿಂತ ಮೊದಲೇ ಹೀಲಿ ಮನೆತನದ ಮೂವರು ಸಹೋದರರು ಗುರುಗಳಾಗಿದ್ದರು ನಿಜ. ಅವರ ತಾಯಿ ಗುಲಾಮಳು, ತಂದೆ ಐರಿಷ್ ಬಿಳಿಯ. ಹೊರಗಿನವರು ಹೆಚ್ಚಾಗಿ ಅವರನ್ನು ಬಿಳಿಯರೆಂದೇ ತಿಳಿದಿದ್ದರು. ಟೋಲ್ಟನ್‌ರಿಗೆ ಹಾಗೆ ಮರೆಯಾಗುವ ದಾರಿ ಇರಲಿಲ್ಲ. ತಂದೆ ತಾಯಿ ಇಬ್ಬರೂ ಗುಲಾಮರು, ಮೈಬಣ್ಣ ಎಲ್ಲರಿಗೂ ಕಾಣುತ್ತಿತ್ತು.

ನದಿ ದಾಟಿದ ತಾಯಿ

ತಂದೆ ಪೀಟರ್ ಪಾಲ್, ತಾಯಿ ಮಾರ್ಥಾ ಜೇನ್. ಮಾರ್ಥಾ ಕೆಂಟಕಿ ರಾಜ್ಯದವಳು. ಯಜಮಾನನ ಮಗಳಿಗೆ ಮದುವೆಯಾದಾಗ ನಮ್ಮ ಕಡೆ ಪಾತ್ರೆ, ದನಗಳನ್ನು ಬಳುವಳಿ ಕೊಡುವಂತೆ ಈ ಹುಡುಗಿಯನ್ನು ಬಳುವಳಿಯಾಗಿ ಮಿಸ್ಸೌರಿಗೆ ಕಳುಹಿಸಿದರು. ಹೆತ್ತವರನ್ನು ಅಲ್ಲೇ ಬಿಟ್ಟು ಬರಬೇಕಾಯಿತು. ಇದನ್ನು ಓದಿ, ಧರ್ಮಸಭೆಯವರು ಯಾರೂ ತಡೆಯಲಿಲ್ಲವೇ ಎಂದು ನೀವು ಕೇಳಬಹುದು. ಆಗಿನ ಅಮೆರಿಕದಲ್ಲಿ ಕಥೋಲಿಕ ಮನೆಗಳು ಮಾತ್ರವಲ್ಲ, ಕೆಲವು ಧಾರ್ಮಿಕ ಸಭೆಗಳೂ ಗುಲಾಮರನ್ನು ಇಟ್ಟುಕೊಂಡಿದ್ದವು. 1838ರಲ್ಲಿ ಮೇರಿಲ್ಯಾಂಡಿನ ಯೇಸುಸಭೆಯವರು 272 ಮಂದಿ ಗುಲಾಮರನ್ನು ಮಾರಿದ ಸಂಗತಿ ಈಗ ಆ ಸಭೆಯವರೇ ಒಪ್ಪಿಕೊಂಡು ಕ್ಷಮೆ ಕೇಳಿರುವ ಇತಿಹಾಸ.

1861ರಲ್ಲಿ ಗುಲಾಮಗಿರಿಯ ವಿಷಯವಾಗಿ ಅಮೆರಿಕದ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಆರಂಭವಾಯಿತು. ಟೋಲ್ಟನ್ ಮನೆಯವರು ಹೇಳುತ್ತಾ ಬಂದಂತೆ, ಪೀಟರ್ ಪಾಲ್ ತಪ್ಪಿಸಿಕೊಂಡು ಉತ್ತರದ ಸೈನ್ಯ ಸೇರಿದನು. ಅವನು ಮತ್ತೆ ಹಿಂದಿರುಗಲಿಲ್ಲ. 1862ರಲ್ಲಿ ಮಾರ್ಥಾ ಚಾರ್ಲ್ಸ್, ಅಗಸ್ಟಸ್ ಎಂಬ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಕೂಸು ಆನ್‌ಳನ್ನು ಎತ್ತಿಕೊಂಡು ಮನೆಬಿಟ್ಟಳು. ಮಿಸಿಸಿಪ್ಪಿ ನದಿಯ ಆಚೆ ದಡದಲ್ಲಿದ್ದ ಇಲಿನಾಯ್ ರಾಜ್ಯದಲ್ಲಿ ಗುಲಾಮಗಿರಿ ಇರಲಿಲ್ಲ. ಆದರೆ ಓಡಿಹೋದ ಗುಲಾಮರನ್ನು ಹಿಡಿದುಕೊಡುವವರು ದಾರಿಯುದ್ದಕ್ಕೂ ಇದ್ದರು. ಓದುಬರಹ ತಿಳಿಯದ ಒಬ್ಬ ಹೆಣ್ಣುಮಗಳು ಮೂರು ಎಳೆ ಮಕ್ಕಳೊಂದಿಗೆ ದೋಣಿಯಲ್ಲಿ ಆ ಮಹಾನದಿಯನ್ನು ದಾಟಿ ಕ್ವಿನ್ಸಿ ಪಟ್ಟಣ ಸೇರಿದಳು. ತಾಯಂದಿರೇ, ಆಕೆಯ ಎದೆಗಾರಿಕೆಯನ್ನು ನೀವೇ ಊಹಿಸಿಕೊಳ್ಳಿ.

ಕ್ವಿನ್ಸಿಯಲ್ಲಿ ತಾಯಿಯೂ ಮಕ್ಕಳೂ ತಂಬಾಕಿನ ಕಾರ್ಖಾನೆಯಲ್ಲಿ ಕೂಲಿಗೆ ನಿಂತರು. ಅಗಸ್ಟಸ್‌ಗೆ ಆಗ ಎಂಟೋ ಒಂಬತ್ತೋ ವರ್ಷ. ಅಣ್ಣ ಚಾರ್ಲ್ಸ್ ಸ್ವಲ್ಪ ಕಾಲದಲ್ಲೇ ತೀರಿಕೊಂಡನು. ಇಷ್ಟೆಲ್ಲ ಅನುಭವಿಸಿದರೂ ಮಾರ್ಥಾ ತನ್ನನ್ನು ಗುಲಾಮಳಾಗಿ ಇಟ್ಟುಕೊಂಡವರ ಧರ್ಮವನ್ನು ಕೈಬಿಡಲಿಲ್ಲ. ಭಾನುವಾರ ತಪ್ಪದೆ ಮಕ್ಕಳನ್ನು ಬಲಿಪೂಜೆಗೆ ಕರೆದೊಯ್ದಳು. ಯಜಮಾನ ಬೇರೆ, ದೇವರು ಬೇರೆ ಎಂಬ ತಿಳಿವಳಿಕೆ ಆಕೆಗಿತ್ತು.

ಎರಡು ಶಾಲೆಗಳು

ಈಗ ನಾನು ಹೇಳುವ ಎರಡು ಶಾಲೆಗಳ ವಿಷಯವನ್ನು ದಯವಿಟ್ಟು ಗಮನವಿಟ್ಟು ಓದಿ. ಎರಡೂ ಒಂದೇ ಪಟ್ಟಣದ ಕಥೋಲಿಕ ಶಾಲೆಗಳು.

ಮೊದಲನೆಯದು ಜರ್ಮನ್ ಕಥೋಲಿಕರ ಸಂತ ಬೊನಿಫಾಸರ ಧರ್ಮಕೇಂದ್ರದ ಶಾಲೆ. 1865ರಲ್ಲಿ ಅಗಸ್ಟಸ್ ಅಲ್ಲಿಗೆ ಸೇರಿದನು. ಅದೇ ವರ್ಷ ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದಲೇ ರದ್ದಾಯಿತು. ಆದರೆ ಕಾನೂನು ಬದಲಾದಷ್ಟು ಬೇಗ ಮನಸ್ಸು ಬದಲಾಗುವುದುಂಟೇ? ಮಕ್ಕಳು ಅವನನ್ನು ಹಂಗಿಸಿದರು, ಕಾಡಿಸಿದರು. ಪೋಷಕರು ಕಪ್ಪು ಹುಡುಗನನ್ನು ಹೊರಗೆ ಕಳುಹಿಸಬೇಕೆಂದು ಪಟ್ಟುಹಿಡಿದರು. ಕೆಲವೇ ವಾರಗಳಲ್ಲಿ ಅವನು ಶಾಲೆ ಬಿಡಬೇಕಾಯಿತು. ಮತ್ತೆ ಕಾರ್ಖಾನೆಯೇ ಗತಿಯಾಯಿತು.

ಹಂಗಿಸಿದ ಮಕ್ಕಳು ಆ ಮಾತುಗಳನ್ನು ಎಲ್ಲಿ ಕಲಿತಿದ್ದರು? ಶಾಲೆಯ ಪುಸ್ತಕದಲ್ಲಿ ಅವು ಇದ್ದಿರಲಾರವು. ಊಟದ ಹೊತ್ತಿನಲ್ಲಿ, ಜಗಲಿಯ ಮೇಲೆ ಹಿರಿಯರು ಆಡುವ ಮಾತುಗಳನ್ನು ಮಕ್ಕಳು ಕೇಳಿಸಿಕೊಳ್ಳುತ್ತಾರೆ. ಆ ಪೋಷಕರು ದುಷ್ಟರೇನೂ ಆಗಿರಲಿಲ್ಲ. ದೂರದ ಜರ್ಮನಿಯಿಂದ ಬಂದು ಬೆವರು ಸುರಿಸಿ ಬದುಕು ಕಟ್ಟಿಕೊಂಡವರು, ದೇವಾಲಯ ಕಟ್ಟಿದವರು, ಜಪಸರ ಹೇಳುವವರು. ನಮ್ಮ ನಿಮ್ಮಂಥ ಭಕ್ತಾದಿಗಳು. ಅದಕ್ಕೇ ಈ ಕಥೆ ನಮ್ಮನ್ನು ಚುಚ್ಚಬೇಕು.

ಎರಡನೆಯದು ಐರಿಷರ ಸಂತ ಪೇತ್ರರ ಧರ್ಮಕೇಂದ್ರದ ಶಾಲೆ. ಅಲ್ಲಿನ ಗುರು ಫಾದರ್ ಪೀಟರ್ ಮೆಕ್‌ಗಿರ್. ಕೆಲವು ವರ್ಷಗಳ ನಂತರ ಅವರು ಈ ಹುಡುಗನನ್ನು ಕಂಡು ತಮ್ಮ ಶಾಲೆಗೆ ಸೇರಿಸಿಕೊಂಡರು. ಅಲ್ಲಿಯೂ ಭಕ್ತಾದಿಗಳು ಗೊಣಗಿದರು. ಮೆಕ್‌ಗಿರ್ ಹಿಂದೆ ಸರಿಯಲಿಲ್ಲ. ಹುಡುಗ ಶಾಲೆಯಲ್ಲೇ ಉಳಿದನು. ತಂಬಾಕಿನ ಕೆಲಸ ನಿಲ್ಲುವ ಚಳಿಗಾಲದ ತಿಂಗಳುಗಳಲ್ಲಿ ಓದಿದನು, ಉಳಿದ ಕಾಲದಲ್ಲಿ ದುಡಿದನು. ಬೆಳಗಿನ ಬಲಿಪೂಜೆಯಲ್ಲಿ ಪೀಠಸೇವೆ ಮಾಡಿದನು. ಹುಡುಗನಲ್ಲಿ ಗುರುವಾಗುವ ಕರೆ ಇದೆಯೆಂದು ಕಂಡುಕೊಂಡವರಲ್ಲಿ ಮೆಕ್‌ಗಿರ್ ಮೊದಲಿಗರು.

ಪಟ್ಟಣ ಒಂದೇ, ಧರ್ಮವೂ ಒಂದೇ, ಭಕ್ತಾದಿಗಳ ಅಸಮಾಧಾನವೂ ಹೆಚ್ಚುಕಡಿಮೆ ಒಂದೇ. ಗಲಾಟೆಗೆ ಬಗ್ಗದ ಒಬ್ಬ ಗುರು ಇದ್ದರು ಎಂಬುದೊಂದೇ ವ್ಯತ್ಯಾಸ.

ಮುಚ್ಚಿದ ಬಾಗಿಲುಗಳು, ತೆರೆದ ರೋಮ್

ಗುರುವಾಗಬೇಕಾದರೆ ಸೆಮಿನರಿ ಸೇರಬೇಕು. ಮೆಕ್‌ಗಿರ್ ಮತ್ತು ಇತರ ಗುರುಗಳು ಹಲವು ಕಡೆ ಬರೆದರು. ಅಮೆರಿಕದ ಯಾವ ಸೆಮಿನರಿಯೂ ಕಪ್ಪು ಯುವಕನನ್ನು ಸೇರಿಸಿಕೊಳ್ಳಲು ಸಿದ್ಧವಿರಲಿಲ್ಲ. ವರ್ಷಗಳು ಉರುಳಿದವು. ಅಗಸ್ಟಸ್ ಹಗಲು ಕೂಲಿ ಮಾಡುತ್ತಾ, ಸ್ನೇಹಪರರಾದ ಗುರುಗಳ ಬಳಿ ಲ್ಯಾಟಿನ್, ಜರ್ಮನ್ ಭಾಷೆಗಳನ್ನು ಕಲಿತನು. ಕ್ವಿನ್ಸಿಯ ಫ್ರಾನ್ಸಿಸ್ಕನ್ ಗುರುಗಳು ತಮ್ಮ ಕಾಲೇಜಿನಲ್ಲಿ ಅವನಿಗೆ ಓದಲು ಅವಕಾಶ ಕೊಟ್ಟರು. ಅವರಲ್ಲೊಬ್ಬರಾದ ಫಾದರ್ ಮೈಕಲ್ ರಿಚರ್ಟ್ ಕಪ್ಪು ಮಕ್ಕಳಿಗಾಗಿ ಭಾನುವಾರದ ಧರ್ಮೋಪದೇಶ ತರಗತಿ ಆರಂಭಿಸಿದಾಗ ಅಗಸ್ಟಸ್ ಅವರಿಗೆ ನೆರವಾದನು.

ಕೊನೆಗೆ ರೋಮ್ ನಗರದಿಂದ ಒಪ್ಪಿಗೆ ಬಂತು. ಅಲ್ಲಿ ಪ್ರೊಪಗಾಂದ ಫೀದೆ ಎಂಬ ಹೆಸರಿನ, ಮಿಷನ್ ನಾಡುಗಳ ಧರ್ಮಸಭೆಯನ್ನು ನೋಡಿಕೊಳ್ಳುವ ಆಡಳಿತ ಕಚೇರಿ ಇತ್ತು. ಅದರ ಕಾಲೇಜಿನಲ್ಲಿ ಲೋಕದ ನಾನಾ ಜನಾಂಗಗಳ ಯುವಕರು ಒಂದೇ ಮೇಜಿನಲ್ಲಿ ಉಂಡು ಒಂದೇ ಬೆಂಚಿನಲ್ಲಿ ಕುಳಿತು ಓದುತ್ತಿದ್ದರು. ಆ ಕಾಲದಲ್ಲಿ ನಮ್ಮ ಮಂಗಳೂರು, ಮೈಸೂರು ಪ್ರಾಂತ್ಯಗಳೂ ಅಮೆರಿಕವೂ ಈ ಒಂದೇ ಕಚೇರಿಯ ಅಧೀನದಲ್ಲಿದ್ದವು. 1880ರ ಮಾರ್ಚ್‌ನಲ್ಲಿ ಅಗಸ್ಟಸ್ ರೋಮ್ ತಲುಪಿದಾಗ ಅವನಿಗೆ 25 ವರ್ಷ. ತನ್ನ ಮೈಬಣ್ಣ ಅಡ್ಡಿಯಾಗದ ಒಂದು ಮನೆಯಲ್ಲಿ ಅವನು ಆರು ವರ್ಷ ಬಾಳಿದನು.

ಆಫ್ರಿಕಾಕ್ಕೆ ಕಳುಹಿಸುವರೆಂದು ಅವನು ನಂಬಿದ್ದನು, ಅದಕ್ಕಾಗಿಯೇ ಸಿದ್ಧನಾಗುತ್ತಿದ್ದನು. ಆದರೆ ಗುರುದೀಕ್ಷೆಯ ಹೊತ್ತಿಗೆ ಕಾರ್ಡಿನಲ್ ಸಿಮಿಯೋನಿಯವರು ತೀರ್ಮಾನ ಬದಲಿಸಿದರು. ಕಪ್ಪು ಗುರುವನ್ನು ಎಂದೂ ಕಾಣದ ಅಮೆರಿಕ ಈಗ ಕಾಣಲಿ ಎಂಬುದು ಅವರ ನಿಲುವು. ಹೀಗೆ ತನ್ನನ್ನು ಹೊರಗಟ್ಟಿದ ನಾಡಿಗೇ ಅವನು ಮರಳಬೇಕಾಯಿತು. ವಿಧೇಯತೆಯ ವ್ರತ ಎಷ್ಟು ಕಷ್ಟದ್ದೆಂದು ಅಂದು ಆ ಯುವಕನಿಗೆ ತಿಳಿದಿರಬೇಕು.

1886ರ ಏಪ್ರಿಲ್ 24, ಪವಿತ್ರ ಶನಿವಾರ. ಲ್ಯಾಟರನ್ನಿನ ಸಂತ ಯೊವಾನ್ನರ ಮಹಾದೇವಾಲಯದಲ್ಲಿ ಕಾರ್ಡಿನಲ್ ಪರೋಕಿಯವರಿಂದ ಅಗಸ್ಟಸ್ ಟೋಲ್ಟನ್ ಗುರುದೀಕ್ಷೆ ಪಡೆದರು. ಮರುದಿನ ಪುನರುತ್ಥಾನದ ಹಬ್ಬ. ಅಂದು ಸಂತ ಪೇತ್ರರ ಮಹಾದೇವಾಲಯದಲ್ಲಿ ತಮ್ಮ ಪ್ರಥಮ ಬಲಿಪೂಜೆ ಅರ್ಪಿಸಿದರು. ಅದೇ ವರ್ಷ ಸೆಪ್ಟೆಂಬರ್ 1ರಂದು ಪೋಪ್ 13ನೇ ಲಿಯೋ ಜಗದ್ಗುರುಗಳು ನಮ್ಮ ಮಂಗಳೂರು, ಮೈಸೂರುಗಳನ್ನು ಧರ್ಮಪ್ರಾಂತ್ಯಗಳನ್ನಾಗಿ ಮಾಡಿದರು ಎಂದರೆ ಆ ಕಾಲ ನಿಮಗೆ ಹತ್ತಿರವಾದೀತು.

ಊರಿಗೆ ಬಂದ ಗುರು

ಜುಲೈ ತಿಂಗಳಲ್ಲಿ ಕ್ವಿನ್ಸಿ ಪಟ್ಟಣ ಅವರನ್ನು ಸಂಭ್ರಮದಿಂದ ಎದುರುಗೊಂಡಿತು. ಜುಲೈ 18ರಂದು ಅವರು ಊರಿನ ಪ್ರಥಮ ಬಲಿಪೂಜೆ ಅರ್ಪಿಸಿದ್ದು ಸಂತ ಬೊನಿಫಾಸರ ದೇವಾಲಯದಲ್ಲಿ. ಹೌದು, ಬಾಲಕನಾಗಿದ್ದಾಗ ಶಾಲೆಯಿಂದ ಅವರನ್ನು ಹೊರಗೆ ಕಳುಹಿಸಿದ ಅದೇ ಧರ್ಮಕೇಂದ್ರ. ಕಪ್ಪು ಜನರೂ ಬಿಳಿಯರೂ ತುಂಬಿದ ಆ ದೇವಾಲಯದಲ್ಲಿ ತಾಯಿ ಮಾರ್ಥಾ ತನ್ನ ಮಗ ಪೀಠದ ಮುಂದೆ ನಿಂತದ್ದನ್ನು ಕಂಡಳು.

ಇಲ್ಲಿಗೇ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಫಾದರ್ ಟೋಲ್ಟನ್‌ರನ್ನು ಕಪ್ಪು ಜನರ ಸಂತ ಜೋಸೆಫರ ದೇವಾಲಯಕ್ಕೆ ನೇಮಿಸಿದರು. ಅವರ ಪ್ರಬೋಧನೆ ಕೇಳಲು, ಪಾಪನಿವೇದನೆ ಮಾಡಲು ಬಿಳಿಯರೂ ಬರತೊಡಗಿದರು. ನೆರೆಯ ಸಂತ ಬೊನಿಫಾಸರ ದೇವಾಲಯದ ಅಂದಿನ ಗುರುಗಳಿಗೆ ಇದು ಹಿಡಿಸಲಿಲ್ಲ. ಅವರ ದೇವಾಲಯದ ಮೇಲೆ ಸಾಲವಿತ್ತು. ತಮ್ಮ ಭಕ್ತರೂ ಅವರ ಕಾಣಿಕೆಯೂ ಕಪ್ಪು ಗುರುವಿನ ಬಳಿಗೆ ಹೋಗುವುದನ್ನು ಅವರು ಸಹಿಸಲಿಲ್ಲ. ಕಪ್ಪು ಜನರನ್ನು ಬಿಟ್ಟು ಬೇರೆಯವರಿಗೆ ಸೇವೆ ಮಾಡಕೂಡದೆಂಬ ಒತ್ತಡ ಟೋಲ್ಟನ್‌ರ ಮೇಲೆ ಬಿತ್ತು. ಧರ್ಮಾಧ್ಯಕ್ಷರೂ ಅದನ್ನೇ ಎತ್ತಿಹಿಡಿದರು. ಇತ್ತ ಕೆಲವು ಕಪ್ಪು ಪ್ರೊಟೆಸ್ಟೆಂಟ್ ಬೋಧಕರಿಗೆ, ತಮ್ಮ ಜನ ಬಿಳಿಯರ ಧರ್ಮಕ್ಕೆ ಹೋಗುತ್ತಾರೆಂಬ ಅಸಮಾಧಾನ. ಎರಡು ಕಡೆಯಿಂದಲೂ ಪೆಟ್ಟು ತಿಂದು ಅವರು ಕುಗ್ಗಿಹೋದರು. ಬೇರೆಡೆಗೆ ಹೋಗಲು ಅನುಮತಿ ಕೇಳಿ ರೋಮಿಗೆ ಬರೆದರು. 1889ರ ಡಿಸೆಂಬರ್‌ನಲ್ಲಿ ಶಿಕಾಗೋ ಮಹಾನಗರಕ್ಕೆ ಹೋದರು.

ಅದೇ ವರ್ಷದ ಜನವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಕಪ್ಪು ಕಥೋಲಿಕರ ಮೊದಲ ಸಮ್ಮೇಳನ ನಡೆದಿತ್ತು. ಅದರ ಬಲಿಪೂಜೆಯನ್ನು ಅರ್ಪಿಸಿದವರು ಫಾದರ್ ಟೋಲ್ಟನ್. ನಮ್ಮವರಲ್ಲೇ ಒಬ್ಬರು ಪೀಠದಲ್ಲಿದ್ದಾರೆ ಎಂಬ ಹೆಮ್ಮೆಯಿಂದ ಆ ಜನ ತಮಗಾಗಿ ಶಾಲೆಗಳನ್ನು, ಸಮಾನ ಅವಕಾಶಗಳನ್ನು ಧೈರ್ಯವಾಗಿ ಕೇಳಿದರು. ಒಬ್ಬ ಗುರುವಿನ ಇರವಿನಿಂದಲೇ ಒಂದು ಸಮುದಾಯದ ಧ್ವನಿ ಎಷ್ಟು ಬಲವಾಗುತ್ತದೆ ನೋಡಿ.

ಶಿಕಾಗೋದ ಬಡಬಡ ದಿನಗಳು

ಶಿಕಾಗೋದಲ್ಲಿ ಕಪ್ಪು ಕಥೋಲಿಕರಿಗೆ ಸ್ವಂತ ದೇವಾಲಯ ಇರಲಿಲ್ಲ. ಸಂತ ಮರಿಯಮ್ಮನವರ ಹಳೆಯ ದೇವಾಲಯದ ನೆಲಮಾಳಿಗೆಯಲ್ಲಿ ಅವರು ಸೇರುತ್ತಿದ್ದರು. ಫಾದರ್ ಟೋಲ್ಟನ್ ಬಂದಾಗ ಅಲ್ಲಿದ್ದವರು ಬೆರಳೆಣಿಕೆಯ ಕುಟುಂಬಗಳು. ತಾಯಿಯೂ ತಂಗಿಯೂ ಕ್ವಿನ್ಸಿಯಿಂದ ಬಂದು ಜೊತೆಯಾದರು. ಫಾದರ್ ಟೋಲ್ಟನ್ ಸೋರುವ ಮನೆಗಳಿಗೆ, ಕಾಯಿಲೆ ಬಿದ್ದವರ ಹಾಸಿಗೆಯ ಬಳಿಗೆ, ಕೆಲಸವಿಲ್ಲದವರ ಕೇರಿಗಳಿಗೆ ನಡೆದುಕೊಂಡೇ ಹೋಗುತ್ತಿದ್ದರು. ಆನ್ ಓನೀಲ್ ಎಂಬ ಮಹಿಳೆ ಕೊಟ್ಟ 10,000 ಡಾಲರ್‌ಗಳಿಂದ ಸಂತ ಮೋನಿಕಳ ದೇವಾಲಯದ ಕಟ್ಟಡ ಆರಂಭವಾಯಿತು. ಮುಂದೆ ಸಂತಳಾದ ಕ್ಯಾಥರಿನ್ ಡ್ರೆಕ್ಸೆಲ್ ತಮ್ಮ ತಂದೆಯಿಂದ ಬಂದ ಆಸ್ತಿಯನ್ನು ಕಪ್ಪು ಜನರ ಮತ್ತು ಮೂಲನಿವಾಸಿಗಳ ಸೇವೆಗೆ ಸುರಿದವರು. ಅವರೂ ನೆರವಾದರು. ಎಲ್ಲರ ಕಣ್ಣೂ ತಮ್ಮ ಮೇಲಿದೆ, ತಾವು ಎಡವಿದರೆ ಇಡೀ ಜನಾಂಗವೇ ಎಡವಿತೆಂದು ಜನ ಹೇಳುತ್ತಾರೆ ಎಂಬ ಆತಂಕವನ್ನು ಟೋಲ್ಟನ್ ಅವರಿಗೆ ಬರೆದ ಪತ್ರಗಳಲ್ಲಿ ತೋಡಿಕೊಂಡರು. ಬೇರೆ ಗುರುಗಳಿಗೆ ಇರದಿದ್ದ ಹೊರೆ ಅದು.

1894ರಲ್ಲಿ ದೇವಾಲಯ ಬಳಕೆಗೆ ಬಂತು. ಆದರೆ ಹಣ ಸಾಲದೆ ಕಟ್ಟಡ ಕೊನೆಯವರೆಗೂ ಪೂರ್ತಿಯಾಗಲಿಲ್ಲ. ಭಕ್ತರ ಸಂಖ್ಯೆ ಮಾತ್ರ ಬೆಳೆಯಿತು. ದುಡಿತದಿಂದ ಅವರ ದೇಹ ಸೋತಿತ್ತು. 1897ರ ಜುಲೈ 9ರಂದು ಗುರುಗಳ ಧ್ಯಾನಕೂಟ ಮುಗಿಸಿ ರೈಲಿನಿಂದ ಇಳಿದು ನಡೆದು ಬರುವಾಗ, ಶಿಕಾಗೋದ ಸುಡುಬಿಸಿಲಿಗೆ ಬೀದಿಯಲ್ಲೇ ಕುಸಿದರು. ಅಂದೇ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟರು. ವಯಸ್ಸು 43. ಹೆತ್ತ ತಾಯಿ ಇನ್ನೂ ಬದುಕಿದ್ದಳು. ಅವರ ಇಚ್ಛೆಯಂತೆ ಕ್ವಿನ್ಸಿಯ ಸಂತ ಪೇತ್ರರ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಿದರು. ನೋವು ಕೊಟ್ಟ ಊರೇ ಆದರೂ, ಮೊದಲ ಬಾಗಿಲು ತೆರೆದದ್ದೂ ಆ ಊರೇ.

ಅವರ ನಂತರ

ಬದಲಾವಣೆ ಬಂತು, ಆದರೆ ನಿಧಾನವಾಗಿ ಬಂತು. ಕಪ್ಪು ಯುವಕರಿಗಾಗಿ ದಿವ್ಯವಾಣಿ ಸಭೆಯವರು ಮಿಸಿಸಿಪ್ಪಿ ರಾಜ್ಯದಲ್ಲಿ ಸೆಮಿನರಿ ತೆರೆದದ್ದು 1920ರಲ್ಲಿ. ಅಲ್ಲಿಂದ ಮೊದಲ ನಾಲ್ವರು ಗುರುದೀಕ್ಷೆ ಪಡೆದದ್ದು 1934ರಲ್ಲಿ. 1947ರಲ್ಲಿ, ಟೋಲ್ಟನ್ ಹುಟ್ಟಿದ ಮಿಸ್ಸೌರಿ ರಾಜ್ಯದಲ್ಲೇ, ಸೇಂಟ್ ಲೂಯಿಸ್‌ನ ಮಹಾಧರ್ಮಾಧ್ಯಕ್ಷ ಜೋಸೆಫ್ ರಿಟ್ಟರ್ ತಮ್ಮ ಶಾಲೆಗಳಲ್ಲಿ ಎಲ್ಲ ಬಣ್ಣದ ಮಕ್ಕಳೂ ಒಟ್ಟಿಗೆ ಓದಬೇಕೆಂದು ಆಜ್ಞೆ ಮಾಡಿದರು. ನ್ಯಾಯಾಲಯಕ್ಕೆ ಹೋಗುತ್ತೇವೆಂದು ಹೊರಟ ಪೋಷಕರಿಗೆ ಧರ್ಮಸಭೆಯಿಂದ ಬಹಿಷ್ಕಾರದ ಎಚ್ಚರಿಕೆ ಕೊಟ್ಟರು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಸರಕಾರಿ ಶಾಲೆಗಳಲ್ಲಿ ಬಣ್ಣಭೇದ ಸಲ್ಲದೆಂದು ತೀರ್ಪು ಕೊಟ್ಟದ್ದು 1954ರಲ್ಲಿ. ಅಂದರೆ ಟೋಲ್ಟನ್ ಹುಟ್ಟಿ ಸರಿಯಾಗಿ ನೂರು ವರ್ಷಕ್ಕೆ.

2010ರಲ್ಲಿ ಶಿಕಾಗೋದ ಕಾರ್ಡಿನಲ್ ಫ್ರಾನ್ಸಿಸ್ ಜಾರ್ಜ್ ಅವರು ಟೋಲ್ಟನ್‌ರ ಸಂತಪದವಿಯ ಕಾರ್ಯಕ್ಕೆ ಚಾಲನೆ ನೀಡಿದರು. 2019ರ ಜೂನ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಪೂಜನೀಯರೆಂದು ಸಾರಿದರು. 2025ರ ಮೇ 8ರಂದು ಆಯ್ಕೆಯಾದ ಪೋಪ್ 14ನೇ ಲಿಯೋ ಅವರು ಹುಟ್ಟಿದ್ದು ಟೋಲ್ಟನ್ ದುಡಿದು ಸತ್ತ ಶಿಕಾಗೋದಲ್ಲೇ. ಅವರ ತಾಯಿಯ ಕಡೆಯ ಹಿರಿಯರು ನ್ಯೂ ಆರ್ಲಿಯನ್ಸ್‌ನ ಕಪ್ಪು ಜನರ ಪೈಕಿಯವರೆಂದು ಹಳೆಯ ದಾಖಲೆಗಳು ತಿಳಿಸುತ್ತವೆ.

ಪ್ರಿಯ ಓದುಗರೇ, ಸತ್ತವರನ್ನು ಗೌರವಿಸುವುದು ಸುಲಭ. ಬದುಕಿರುವ ಮಗುವಿಗೆ ನಮ್ಮ ಬೆಂಚಿನಲ್ಲಿ ಜಾಗ ಕೊಡುವುದು ಕಷ್ಟ. ಅಮೆರಿಕದವರ ತಪ್ಪನ್ನು ಓದಿ ತಲೆಯಾಡಿಸಿ ಪುಟ ಮಗುಚಿಬಿಡುವ ಹಾಗಿಲ್ಲ. ಅಲ್ಲಿ ಬಣ್ಣ ಮಾಡಿದ ಕೆಲಸವನ್ನು ನಮ್ಮ ದೇಶದಲ್ಲಿ ಜಾತಿ ಮಾಡಿದೆ. 2016ರ ಡಿಸೆಂಬರ್‌ನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿದಾಗ, ಧರ್ಮಸಭೆಯೊಳಗೂ ಜಾತಿಭೇದ ಉಳಿದಿದೆಯೆಂದು ಒಪ್ಪಿಕೊಂಡಿತು. ಅದೇ ತಿಂಗಳು ಕ್ವಿನ್ಸಿಯಲ್ಲಿ, ಸಂತಪದವಿಯ ಕಾರ್ಯಕ್ಕಾಗಿ ಟೋಲ್ಟನ್‌ರ ಸಮಾಧಿಯನ್ನು ಪ್ರಾರ್ಥನೆಯೊಂದಿಗೆ ತೆರೆಯಲಾಯಿತು.

ನಿಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ಇನ್ನೊಂದು ಕೇರಿಯವರ, ಇನ್ನೊಂದು ಭಾಷೆಯವರ, ಮನೆಗೆಲಸದವಳ ವಿಷಯ ಬಂದರೆ ಯಾವ ಮಾತು ಹೊರಡುತ್ತದೆ? ನಿಮ್ಮ ಮಕ್ಕಳು ಅದನ್ನು ಕೇಳಿಸಿಕೊಳ್ಳುತ್ತಿದ್ದಾರೆ. ನಿಮ್ಮ ಧರ್ಮಕೇಂದ್ರದ ಶಾಲೆಗೆ, ಗಾಯನವೃಂದಕ್ಕೆ, ಹಬ್ಬದ ಸಮಿತಿಗೆ ಯಾರ ಮಕ್ಕಳು ಬರುತ್ತಿಲ್ಲ? ಒಬ್ಬರು ಬಂದಾಗ ನಾಲ್ಕು ಮಂದಿ ಗೊಣಗಿದರೆ, ನೀವು ಸಂತ ಬೊನಿಫಾಸರ ಪೋಷಕರ ಸಾಲಿನಲ್ಲಿ ನಿಲ್ಲುವಿರೋ, ಫಾದರ್ ಮೆಕ್‌ಗಿರ್ ಅವರ ಪಕ್ಕದಲ್ಲೋ? ಈ ವಾರ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಮನೆಯವರೆಲ್ಲ ಕುಳಿತು ಈ ಪ್ರಶ್ನೆಯನ್ನು ಮಾತಾಡಿಕೊಳ್ಳಿ. ಬ್ರಷ್ ಕ್ರೀಕಿನ ಪುಸ್ತಕದಲ್ಲಿ ಹೆಸರು ಸಿಗದ ಆ ಮಗುವಿನ ಹೆಸರನ್ನು ಮಕ್ಕಳಿಗೆ ಹೇಳಿಕೊಡಿ. ಅಗಸ್ಟಸ್ ಟೋಲ್ಟನ್.